ಸಕ್ಕುಬಾಯಿಯ ತಲೆಯಿಲ್ಲದ ಮೀನು

ನಮ್ಮತ್ತೆ ಸಕ್ಕುಬಾಯಿ ಮೀನು ಕೊಳ್ಳುವುದನ್ನು ನೀವು ನೋಡಬೇಕಿತ್ತು. ಕಿವಿರು ಎತ್ತಿ ನೋಡುತ್ತಿದ್ದಳು, ಹೊಟ್ಟೆ ಒತ್ತಿ ನೋಡುತ್ತಿದ್ದಳು, ಮೂಸಿ ನೋಡುತ್ತಿದ್ದಳು. ಕೊನೆಗೆ ಮಾರುವವನ ಮುಖವನ್ನೇ ದಿಟ್ಟಿಸಿ, ಇದು ಇವತ್ತು ಸತ್ತದ್ದೋ ನಿನ್ನೆ ಸತ್ತದ್ದೋ ಎಂದು ಕೇಳುತ್ತಿದ್ದಳು. ಆ ಬಡಪಾಯಿ ಸುಳ್ಳು ಹೇಳಲು ಬಾಯಿ ತೆರೆಯುವ ಮೊದಲೇ ಅವಳಿಗೆ ಉತ್ತರ ಗೊತ್ತಿರುತ್ತಿತ್ತು. ಹರೆಯದಲ್ಲಿ ಅವಳೂ ಮಣ್ಣೂರಿನಿಂದ ಮೀನಿನ ಬುಟ್ಟಿ ಹೊತ್ತು ಅಫಜಲಪುರದ ಸಂತೆಗೆ ಹೋದವಳೇ. ನಿನ್ನೆಯ ಮೀನನ್ನು ಇವತ್ತಿನದೆಂದು ದಾಟಿಸುವ ಕಸಬೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಇಂಥವಳು ಕಿವಿರಿಲ್ಲದ, ಕಣ್ಣಿಲ್ಲದ, ತಗಡಿನ ಡಬ್ಬಿಯೊಳಗಿನ ಮೀನನ್ನು ಅಡಿಗೆ ಮಾಡಿದಳು ಅಂದರೆ ಯಾರು ನಂಬುತ್ತಾರೆ? ನಾನು ಪಕ್ಕದಲ್ಲೇ ಕೂತು ಉಳ್ಳಾಗಡ್ಡಿ ಹೆಚ್ಚಿಕೊಟ್ಟಿದ್ದೇನೆ, ನೀವು ನಂಬಲೇಬೇಕು.

ನಾನು ಭಾಗಮ್ಮ, ಜೇವರ್ಗಿಯ ಹೆಣ್ಣು. ಬಸ್ಸು, ಲಾರಿ, ಕಚೇರಿ, ಚಹಾದಂಗಡಿ ನೋಡಿ ಬೆಳೆದವಳನ್ನು ತಂದು ಭೀಮಾ ನದಿಯ ದಂಡೆಯ ಮಣ್ಣೂರಿಗೆ ಕೊಟ್ಟರು. ಗಂಡ ಫೌಜಿನಲ್ಲಿದ್ದ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ಹಿರಿಯರು ಹೇಳಿದ್ದಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತೇನೆ: ಬಸವಂತರಾಯ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಉಳಿದಂತೆ ಮನೆಯಲ್ಲಿ ನಾನು, ನಾದಿನಿ ಕಸ್ತೂರಿ ಮತ್ತು ಅತ್ತೆ. ಅತ್ತೆಯ ಬಾಯಿ ದೊಡ್ಡದು. ಹಿತ್ತಲಲ್ಲಿ ನಿಂತು ನನ್ನನ್ನು ಕೂಗಿದರೆ ಓಣಿಯ ಬೇರೆ ಮನೆಯ ಸೊಸೆಯಂದಿರೂ ಬಂದೆ ಅನ್ನುತ್ತಿದ್ದರು. ನನಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತು ಗಂಜಿ ಕುಡಿಸಿದವಳೂ ಅವಳೇ. ಬೈಯುತ್ತಲೇ ಕುಡಿಸಿದಳು.

ಅವಳಿಗೆ ಅದೇ ಊರಿನಲ್ಲಿ ಇಬ್ಬರು ಅಣ್ಣಂದಿರು. ದೊಡ್ಡವನು ದೇವಿಂದ್ರಪ್ಪ ಅಂಬಿಗರಲ್ಲಿ ಹೆಸರು ಮಾಡಿದವನು. ಹೊಳೆ ತುಂಬಿ ಬಂದಾಗ ಹರಿಗೋಲು ಹಾಕಿ ಜನರನ್ನು ಆಚೆ ದಡ ಮುಟ್ಟಿಸುತ್ತಿದ್ದ. ಸಣ್ಣವನು ನಾಗಣ್ಣ, ಬಲೆ ಬೀಸುವುದರಲ್ಲಿ ಅವನ ಸಮ ಇನ್ನೊಬ್ಬನಿರಲಿಲ್ಲ. ನನ್ನ ಮಾವ ಬೇಗ ತೀರಿಕೊಂಡಾಗ ಅತ್ತೆಯ ಮಕ್ಕಳು ಇನ್ನೂ ಸಣ್ಣವರು. ಆಗ ಈ ಇಬ್ಬರೂ ಜೋಡಿಯಾಗಿ ಬಂದು ಅವಳ ಹೊಲ ಹರಗಿ, ಜೋಳ ಬಿತ್ತಿ, ರಾಶಿ ಮಾಡಿ, ಮನೆಗೆ ತಂದು ಹಾಕಿದರು. ಅವಳು ಬುಟ್ಟಿ ಹೊರುವುದನ್ನು ಬಿಟ್ಟದ್ದೂ ಆಗಲೇ. ನನ್ನ ಅಣ್ಣಗಳು ಎರಡು ಎತ್ತು ಇದ್ದಂಗ ಇದ್ರು ಅಂತ ಹೇಳುವಾಗ ಅತ್ತೆಯ ದನಿ ಮೆತ್ತಗಾಗುತ್ತಿತ್ತು. 'ಇದ್ರು' ಅನ್ನುತ್ತಿದ್ದಳು, ಯಾಕೆಂದರೆ ನಾನು ಮದುವೆಯಾಗಿ ಬರುವ ಹೊತ್ತಿಗೆ ಎರಡೆತ್ತೂ ಬೇರೆ ಬೇರೆ ಗೂಟಕ್ಕೆ ಹೋಗಿಬಿಟ್ಟಿದ್ದವು.

ಕಾರಣ ಒಂದು ಮೀನಿನ ತಲೆ. ನಗಬೇಡಿ. ಇವರ ಮನೆತನದಲ್ಲಿ ಮೀನಿನ ತಲೆಗೆ ಎರಡು ಪದ್ಧತಿ. ಸಾಲಿನಲ್ಲಿ ಕೂತವರಲ್ಲಿ ಹಿರಿಯನ ತಾಟಿಗೆ ತಲೆ ಬಡಿಸಬೇಕು ಅನ್ನುವುದು ಒಂದು. ಹಿಡಿದು ತಂದವನ ತಾಟಿಗೆ ಬಡಿಸಬೇಕು ಅನ್ನುವುದು ಇನ್ನೊಂದು. ನನ್ನ ಗಂಡ ಫೌಜಿಗೆ ಸೇರಿದ ಸಂತೋಷಕ್ಕೆ ಅತ್ತೆ ಊಟ ಹಾಕಿಸಿದಳು. ನಾಗಣ್ಣ ಮಾವ ತೊಡೆಯುದ್ದದ ಬಾಳೆಮೀನು ಹಿಡಿದು ತಂದ. ಅತ್ತೆ ಖುಷಿಯ ಭರದಲ್ಲಿ ತಲೆಯನ್ನು ಅವನ ತಾಟಿಗೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ ದೇವಿಂದ್ರಪ್ಪ ಮಾವ ತಾಟಿನಲ್ಲೇ ಕೈ ತೊಳೆದು ಎದ್ದು ಹೋದ. ತಮ್ಮನಾದರೂ ತಲೆ ಎತ್ತಿ ಅಣ್ಣನ ಮನೆಗೆ ಕಳಿಸಬಹುದಿತ್ತು. ಅವನು ಚೂರೂ ಬಿಡದೆ ಚೀಪಿ ತಿಂದ.

ಅಂದಿನಿಂದ ಇಬ್ಬರೂ ಒಂದು ಸಾಲಿನಲ್ಲಿ ಕೂರುವುದಿಲ್ಲ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಎರಡೂ ಮನೆಗೆ ಒಂದೇ ಗೋಡೆ. ಹೇಳಲೇಬೇಕಾದದ್ದು ಇದ್ದರೆ ಒಬ್ಬ ತನ್ನ ಆಡಿಗೆ ಹೇಳುತ್ತಿದ್ದ, ಇನ್ನೊಬ್ಬ ತನ್ನ ಎಮ್ಮೆಗೆ ಉತ್ತರ ಕೊಡುತ್ತಿದ್ದ. ನೀರಿನ ಸರದಿ, ಬಣವೆಯ ಜಾಗ, ಎಲ್ಲ ಹೀಗೇ ತೀರ್ಮಾನವಾಗುತ್ತಿತ್ತು. ನನಗೆ ಮೊದಮೊದಲು ಈ ಊರಿನ ದನಕರು ಬಹಳ ತಿಳಿವಳಿಕೆಯವು ಅನ್ನಿಸಿತ್ತು.

ಹಬ್ಬ ಬಂತೆಂದರೆ ಅತ್ತೆಯದು ಫಜೀತಿ. ಒಬ್ಬನಿಗೆ ಬಡಿಸಿ ಕಳಿಸಿ, ಒಲೆ ಮತ್ತೆ ಹೊತ್ತಿಸಿ, ಇನ್ನೊಬ್ಬನಿಗೆ ಬಡಿಸಬೇಕು. ಕೂಡಿಸುವ ಪ್ರಯತ್ನವನ್ನೂ ಮಾಡಿದಳು. ಒಮ್ಮೆ ತಲೆಯನ್ನು ಸೀಳಿ ಇಬ್ಬರಿಗೂ ಅರ್ಧರ್ಧ ಇಟ್ಟಳಂತೆ, ಅರ್ಧ ಮಾನ ನನಗೆ ಬೇಡ ಅಂದರು ಇಬ್ಬರೂ. ಇನ್ನೊಮ್ಮೆ ತಲೆಯನ್ನೇ ಹೊಳೆಗೆ ಎಸೆದು ಬರೀ ಮೈ ಬೇಯಿಸಿದಳು, ಅದು ಇನ್ನೂ ದೊಡ್ಡ ತಪ್ಪಾಯಿತು. ತಲೆಯಿಲ್ಲದ ಮೀನು ಇವರಲ್ಲಿ ಸತ್ತವರ ಮನೆಯ ಊಟ. ಅಡಿಗೆ ನೋಡಿದವರೆಲ್ಲ ಯಾರು ಹೋದರು ಅಂತ ಕೇಳಿದರಂತೆ. ಆಮೇಲೆ ಅತ್ತೆ ಆ ಸುದ್ದಿಯನ್ನೇ ಬಿಟ್ಟಳು.

ಎಂಬತ್ತಾರರ ಬೇಸಿಗೆಯಲ್ಲಿ ಕಸ್ತೂರಿಯ ಮದುವೆ ಗೊತ್ತಾಯಿತು. ಗಂಡು ಆಳಂದ ಕಡೆಯ ನಿಂಬರ್ಗಾದವನು. ಒಳ್ಳೆಯ ಹುಡುಗ, ತೊಗರಿ ಹೊಲ, ಮಾತು ಕಮ್ಮಿ. ಎಲ್ಲ ಸರಿಯಿತ್ತು, ಅಣ್ಣಂದಿರದೊಂದು ಬಿಟ್ಟು. ಅಕ್ಕಿಕಾಳು ಹಾಕುವ ಮೊದಲು ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಅದರ ಎರಡು ತುದಿಗಳು ಹುಡುಗಿಯ ಸೋದರಮಾವಂದಿರ ಕೈಯಲ್ಲಿರಬೇಕು. ಅದಕ್ಕೂ ಮೊದಲು, ಅರಿಷಿಣದ ಹಿಂದಿನ ದಿನ, ಆ ಮಾವಂದಿರು ಒಂದೇ ಸಾಲಿನಲ್ಲಿ ಕೂತು ಹುಡುಗಿಯ ಕೈಯಿಂದ ಮೀನು ಬಡಿಸಿಕೊಂಡು ಉಣ್ಣಬೇಕು. ಉಂಡವರು ಅಂತರಪಟ ಹಿಡಿಯಬಹುದು, ಉಣ್ಣದವರು ಮುಟ್ಟುವ ಹಾಗಿಲ್ಲ. ಬೇರೆ ಯಾರಾದರೂ ಹಿಡಿದರಾಯಿತು ಅಂತ ಬೀಗರು ಒಳ್ಳೆಯ ಮಾತಿನಲ್ಲೇ ಹೇಳಿದರು. ಅತ್ತೆ ಹೂಂ ಅಂದು ಒಳಗೆ ಬಂದು ಜೋಳದ ಚೀಲಕ್ಕೆ ಒರಗಿ ಕೂತಳು. ತಂದೆಯಿಲ್ಲದ ಮಗಳಿಗೆ ಮಾವಂದಿರೂ ಇಲ್ಲದ ಹಾಗಾಯಿತಲ್ಲ ಅಂತ ಅತ್ತಳು. ಆ ದೊಡ್ಡ ಬಾಯಿ ಅಳುವಾಗ ಸದ್ದೇ ಮಾಡಲಿಲ್ಲ. ನನಗೆ ಬಹಳ ಸಂಕಟವಾಯಿತು.

ಮರುದಿನ ಸೆರಗು ಸಿಕ್ಕಿಸಿ ಎರಡೂ ಮನೆಗೆ ಹೋದಳು. ಹಿಂದೆ ನಾನೂ ಹೋದೆ. ದೇವಿಂದ್ರಪ್ಪ ಮಾವ ಬರುತ್ತೇನೆ ಅಂದ, ಆದರೆ ಪದ್ಧತಿಯ ಪ್ರಕಾರ ಮೀನು ಇರಬೇಕು, ಒಣಮೀನು ಇಟ್ಟರೆ ಹೊಸ್ತಿಲು ದಾಟುವುದಿಲ್ಲ ಅಂದ. ನಾಗಣ್ಣ ಮಾವನೂ ಬರುತ್ತೇನೆ ಅಂದ, ಆದರೆ ತಲೆ ಅಣ್ಣನ ತಾಟಿಗೆ ಹೋದರೆ ತಾನು ಕೂರುವುದಿಲ್ಲ ಅಂದ. ಇವನು ಇಷ್ಟೆಲ್ಲ ಹೇಳುವಾಗ ಎಮ್ಮೆಯ ಮೈ ತಿಕ್ಕುತ್ತಿದ್ದ, ಗೋಡೆಯಾಚೆ ಆಡೊಂದಕ್ಕೆ ಬೈಗುಳ ಬೀಳುತ್ತಿತ್ತು.

ಇನ್ನು ಮೀನಾದರೂ ಎಲ್ಲಿತ್ತು? ಆ ಬೇಸಿಗೆಯಲ್ಲಿ ಭೀಮಾ ನದಿ ಸೀರೆಯ ಅಂಚಿನಷ್ಟು ಹರಿಯುತ್ತಿತ್ತು. ಮಡುವಿನಲ್ಲಿ ಬೆರಳುದ್ದದವು, ಅವೂ ಮುಳ್ಳಿನ ಕಟ್ಟು. ಇದ್ದರೆ ತಲೆಯ ಜಗಳ, ಇಲ್ಲದಿದ್ದರೆ ಪದ್ಧತಿಯ ಜಗಳ.

ಹೀಗಿರುವಾಗ ನನ್ನ ಗಂಡ ತಂಗಿಯ ಮದುವೆಗೆ ರಜೆ ಹಾಕಿ ಬಂದ. ಟ್ರಂಕು ಬಿಚ್ಚಿದ. ನನಗೊಂದು ಸ್ವೆಟರ್ ತಂದಿದ್ದ, ಮಣ್ಣೂರಿನ ಮೇ ತಿಂಗಳಿಗೆ. ಅದರ ಕೆಳಗೆ ಮಿಲಿಟ್ರಿ ಕ್ಯಾಂಟೀನಿನ ಡಬ್ಬಿಗಳು, ಮೇಲೆ ಮೀನಿನ ಚಿತ್ರ. ಅತ್ತೆ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದಳು, ಮೂಸಿದಳು, ಚಿತ್ರದ ಕಿವಿರನ್ನು ಉಗುರಿನಿಂದ ಕೆರೆದು ನೋಡಿದಳು. ಇದರೊಳಗೆ ಮೀನು ಎಷ್ಟು ದಿನದಿಂದ ಇದೆ ಅಂತ ಕೇಳಿದಳು. ವರ್ಷ ಆಗಿರಬಹುದು ಅಂದ ಮಗ. ಅವಳು ಡಬ್ಬಿಯನ್ನು ಅಂಗಳದಾಚೆ ಇಟ್ಟು ಕೈ ತೊಳೆದುಕೊಂಡು ಬಂದಳು.

ಕೊನೆಗೆ ಅವನೇ ಉಳಿ, ಸುತ್ತಿಗೆ ತಂದು ಒಂದನ್ನು ತೆರೆದ. ನಾರುತ್ತದೆ ಅಂತ ನಾವೆಲ್ಲ ಮೂಗು ಮುಚ್ಚಿಕೊಂಡಿದ್ದೆವು, ಆದರೆ ಎಣ್ಣೆಯಲ್ಲಿ ಬೆಂದ ಮೀನಿನ ಒಳ್ಳೆಯ ವಾಸನೆ ಬಂತು. ಒಳಗೆ ದುಂಡನೆಯ ತುಂಡುಗಳು ಒತ್ತಾಗಿ ಕೂತಿದ್ದವು. ಅತ್ತೆ ಮೊದಲು ಹುಡುಕಿದ್ದು ತಲೆಯನ್ನು. ಹೊರಗಿನ ಚಿತ್ರಕ್ಕೆ ತಲೆ ಇದೆ, ಒಳಗಿನ ಮೀನಿಗೆ ಇಲ್ಲ, ಇದು ಮೋಸ ಅಂದಳು. ಆಮೇಲೆ ಒಂದು ತುಂಡಿನ ನಡುವಿನ ಎಲುಬನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದಳು. ಅದು ಹಿಟ್ಟಾಯಿತು. ಹುಟ್ಟಿದಾಗಿನಿಂದ ಮೀನಿನ ಮುಳ್ಳು ಆರಿಸಿ ಆರಿಸಿ ಬೆರಳು ಸವೆಸಿಕೊಂಡವಳು ಬಾಯಿ ತೆರೆದು ನಿಂತಳು. ಆ ಎಲುಬನ್ನು ತೆಗೆಯಬಾರದು, ಕಲಸಿಯೇ ತಿನ್ನಬೇಕು, ಅದರಿಂದ ನಮ್ಮ ಎಲುಬು ಗಟ್ಟಿಯಾಗುತ್ತದೆ ಅಂತ ಫೌಜಿನ ಡಾಕ್ಟರು ಹೇಳುತ್ತಾರೆ ಅಂದ ನನ್ನ ಗಂಡ. ಚಳಿಯ ಪೋಸ್ಟಿನಲ್ಲಿ ತಿಂಗಳುಗಟ್ಟಲೆ ಇದನ್ನೇ ತಿಂದು ತಾನು ಹೀಗಾಗಿದ್ದೇನೆ ಅಂತ ತೋಳು ಮಡಚಿ ತೋರಿಸಿದ. ನಾನು ಆ ಕಡೆ ನೋಡಲಿಲ್ಲ, ಅತ್ತೆ ಇದ್ದಳು.

ಜೇವರ್ಗಿಯ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆಲೂಗಡ್ಡೆ ಕಲಸಿ ಚಪ್ಪಟೆಯಾಗಿ ತಟ್ಟಿ ಹಂಚಿನ ಮೇಲೆ ಬೇಯಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಈ ಮೀನನ್ನೂ ಹಾಗೆ ಮಾಡಿದರೆ ತಲೆಯೂ ಇಲ್ಲ, ಬಾಲವೂ ಇಲ್ಲ, ಎಲ್ಲರಿಗೂ ಒಂದೇ ಆಕಾರ, ತಲೆ ತೆಗೆದ ಮೀನು ಅಂತ ಯಾರಿಗೂ ಗೊತ್ತಾಗುವುದೂ ಇಲ್ಲ ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಜೇವರ್ಗಿಯವರಿಗೆ ಮೀನಿನ ಸುದ್ದಿ ಏನು ಗೊತ್ತು ಅಂದಳು. ಸಂಜೆಯೊಳಗೆ ಅದು ಅವಳದೇ ವಿಚಾರವಾಗಿತ್ತು. ಕೇಳಿದವರಿಗೆಲ್ಲ, ನನಗ ಹೊಳೀತು, ಮಾಡಾಕತ್ತೇನಿ ಅಂತ ಹೇಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಮಾಡಿದ ಕೈಯಂತೂ ಅವಳದೇ.

ಮೊದಲ ಸಲ ಕೆಟ್ಟಿತು. ಎಣ್ಣೆ ಬಸಿಯದೆ ಹಾಗೇ ಹಿಸುಕಿದ್ದರಿಂದ ಹಂಚಿನ ಮೇಲೆ ಹಾಕಿದೊಡನೆ ಚೆಲ್ಲಾಪಿಲ್ಲಿಯಾಗಿ ಕೂತಿತು. ಅದನ್ನು ನನ್ನ ಗಂಡ ರೊಟ್ಟಿಗೆ ಹಚ್ಚಿಕೊಂಡು ತಿಂದು ಮುಗಿಸಿದ. ಎರಡನೆಯ ಡಬ್ಬಿಯ ಎಣ್ಣೆಯನ್ನು ಅತ್ತೆ ಬಟ್ಟಲಿಗೆ ಬಸಿದು ಬೇರೆ ಇಟ್ಟಳು. ಮೀನನ್ನು ಎಲುಬಿನ ಸಮೇತ ಅಂಗೈಯಿಂದ ಹಿಸುಕಿದಳು. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜಜ್ಜಿದ ಬಳ್ಳೊಳ್ಳಿ, ಕೊತ್ತಂಬರಿ, ಚೂರು ಅರಿಷಿಣ, ಬೇಯಿಸಿದ ಒಂದು ಆಲೂಗಡ್ಡೆ ಹಾಕಿದಳು. ಉಪ್ಪು ಹಾಕಲು ಹೋದವಳು ನಾಲಿಗೆಗೆ ಹಚ್ಚಿ ನೋಡಿ, ಮೀನಿನಲ್ಲೇ ಇದೆ ಅಂತ ಕೈ ಹಿಂದೆ ತೆಗೆದಳು. ಆಗಲೂ ಅದು ಮೆತ್ತಗೇ ಇತ್ತು. ಕಡಲೆಹಿಟ್ಟು ಹಾಕಿದರೆ ಬರೀ ಭಜಿಯ ರುಚಿ ಬರುತ್ತದೆ ಅಂತ ಬೇಡ ಅಂದಳು. ನೆಲುವಿನ ಮೇಲಿನ ಖಡಕ್ ರೊಟ್ಟಿ ಎರಡು ತಂದು ಒರಳಿಗೆ ಹಾಕಿ ರವೆಯ ಹಾಗೆ ಕುಟ್ಟಿದಳು. ಆ ಪುಡಿಯನ್ನೂ ಒಂದು ತತ್ತಿಯನ್ನೂ ಸೇರಿಸಿ ಕಲಸಿ, ಹಸಿ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟಳು. ರೊಟ್ಟಿಯ ಪುಡಿ ಇದ್ದ ಪಸೆಯನ್ನೆಲ್ಲ ಹೀರಿಕೊಂಡಿತು. ತಟ್ಟಿದರೆ ಅಂಗೈಗೆ ಅಂಟಲಿಲ್ಲ. ಬಸಿದಿಟ್ಟ ಎಣ್ಣೆಯನ್ನೇ ಹಂಚಿಗೆ ಸವರಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಕೆಂಪಗೆ ಬೇಯಿಸಿದಳು. ಮೇಲೆ ಗರಿಗರಿ, ಒಳಗೆ ಬೆಣ್ಣೆಯಂತೆ. ನಾನು ನಿಂತಲ್ಲೇ ಎರಡು ತಿಂದೆ, ನಾಚಿಕೆಯೇನಿಲ್ಲ.

ಊಟದ ದಿನ ಪಡಸಾಲೆ ಸಾರಿಸಿ ತಾಟು ಹಾಕಿದೆವು. ದೇವಿಂದ್ರಪ್ಪ ಮಾವ ಒಂದು ಬಾಗಿಲಿನಿಂದ ಬಂದ, ನಾಗಣ್ಣ ಮಾವ ಹಿತ್ತಲ ಬಾಗಿಲಿನಿಂದ. ಸಾಲು ಒಂದೇ, ಆದರೆ ನಡುವೆ ಒಂದು ಕೋಣ ಮಲಗುವಷ್ಟು ಜಾಗ ಬಿಟ್ಟು ಕೂತರು. ಕಸ್ತೂರಿ ಇಬ್ಬರ ತಾಟಿಗೂ ಎರಡೆರಡು ಮೀನಿನ ವಡಿ ಇಟ್ಟಳು. ಇಬ್ಬರೂ ಓರೆಗಣ್ಣಿನಿಂದ ಆಚೆ ತಾಟು ನೋಡಿದರು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ, ತಕರಾರು ತೆಗೆಯಲು ಏನೂ ಇರಲಿಲ್ಲ. ದೇವಿಂದ್ರಪ್ಪ ಮಾವ ಚೂರು ಮುರಿದು ಬಾಯಿಗಿಟ್ಟ, ಹುಬ್ಬು ಮೇಲೇರಿತು. ಇನ್ನೊಂದು ಚೂರು ಮುರಿದ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೊಳೆ ಬತ್ತಿದ ಕಾಲದಲ್ಲಿ ಇಷ್ಟು ಒಳ್ಳೆಯ ಮೀನು ಎಲ್ಲಿ ಸಿಕ್ಕಿತು ಅಂತ ಮಾವ ಕೇಳಿದ.

ಅತ್ತೆ ಏನೋ ಒಂದು ಹೇಳಿ ದಾಟಿಸುತ್ತಿದ್ದಳು. ಆದರೆ ನನ್ನ ಗಂಡನೆಂಬ ಮಹಾಶಯ ಖಾಲಿ ಡಬ್ಬಿ ಎತ್ತಿಕೊಂಡು ಪಡಸಾಲೆಗೆ ಓಡಿ ಬಂದ. "ಇದ್ರಾಗಿಂದ ನೋಡ್ರಿ ಮಾವ, ಮಿಲಿಟ್ರಿ ಮೀನ. ತಲಿ ಮೊದ್ಲೇ ತೆಗದಿರ್ತಾರ, ಕೆಲಸ ಕಮ್ಮಿ" ಅಂದ. ಗಡಿ ಕಾಯುವವನಿಗೆ ಬಾಯಿ ಕಾಯಲು ಬರಲಿಲ್ಲ.

ದೇವಿಂದ್ರಪ್ಪ ಮಾವ ತಾಟನ್ನು ಮೆಲ್ಲಗೆ ಮುಂದೆ ನೂಕಿದ. ತಲೆ ತೆಗೆದ ಮೀನನ್ನು ಮದುವೆ ಮನೆಯಲ್ಲಿ ಬಡಿಸುತ್ತೀರಾ ಅಂತ ಕೇಳಿ ನೆಲಕ್ಕೆ ಕೈಯೂರಿದ. ಕೋಪದಲ್ಲಿ ಅಣ್ಣನಿಗಿಂತ ಹಿಂದೆ ಬೀಳಬಾರದಲ್ಲ, ನಾಗಣ್ಣ ಮಾವನೂ ಕೈಯೂರಿದ. ಒಂಬತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಇದೊಂದೇ ವಿಷಯ. ಕಸ್ತೂರಿ ವಡಿ ತುಂಬಿದ ಪರಾತ ಹಿಡಿದುಕೊಂಡೇ ಅಳತೊಡಗಿದಳು.

ಅತ್ತೆ ಬಾಗಿಲು ಬಿಟ್ಟು ಬಂದು ಇಬ್ಬರ ಮುಂದೆ ನಿಂತಳು. ಕೂಗುತ್ತಾಳೆ ಅಂದುಕೊಂಡೆ, ಕೂಗಲಿಲ್ಲ.

"ನನ್ನ ಗಂಡ ಸತ್ತಾಗ ಇಬ್ರೂ ಕೂಡಿ ಬಂದ್ರಿ. ನನ್ನ ಹೊಲ ಕೂಡಿ ಹರಗಿದ್ರಿ. ನಿಮ್ಮನ್ನ ನೋಡಿ ನಾ ಬದುಕೇನಿ. ಈಗ ಒಂಬತ್ತು ವರ್ಷ ಆತು, ಒಬ್ಬಗ ಬಡಿಸಿ ಇನ್ನೊಬ್ಬಗ ಬಡಿಸಿ, ನಾ ಬಿಸಿ ಊಟ ಮರತೇನಿ. ಇವತ್ತ ನಾನೂ ಉಣ್ತೇನಿ. ಭಾಗಮ್ಮ, ನನಗ ತಾಟ ಇಡು."

ಹೇಳಿದವಳೇ ಆ ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಪಟ್ಟಾಗಿ ಕೂತುಬಿಟ್ಟಳು. ನಾನು ತಾಟು ಇಟ್ಟೆ, ಮೂರು ವಡಿ ಹಾಕಿದೆ, ಅವಳು ಮೊದಲ ತುತ್ತು ಎತ್ತಿದಳು. ಅಣ್ಣಂದಿರು ಊರಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. ಯಾಕೆಂದರೆ ಆ ಕಡೆ ಯಾರ ಮನೆಯಲ್ಲಾದರೂ ಸರಿ, ತವರಿನ ಹೆಣ್ಣುಮಗಳು ಸಾಲಿನಲ್ಲಿ ಕೂತು ತುತ್ತು ಎತ್ತಿದ ಮೇಲೆ ಅವಳು ಕೈ ತೊಳೆಯುವವರೆಗೂ ಅಣ್ಣತಮ್ಮಂದಿರು ಏಳುವುದಿಲ್ಲ. ಎದ್ದರೆ ಅವಳನ್ನು ತವರಿನಿಂದ ಹೊರಗೆ ಹಾಕಿದ ಹಾಗೆ. ಕೋಪ ಎಷ್ಟಿದ್ದರೂ ಅದನ್ನು ಮಾಡುವಷ್ಟು ಕಲ್ಲೆದೆ ಇಬ್ಬರಿಗೂ ಇರಲಿಲ್ಲ.

ಅತ್ತೆ ಉಣ್ಣತೊಡಗಿದಳು. ನಾನು ಜನ್ಮದಲ್ಲಿ ಅಷ್ಟು ನಿಧಾನ ಉಂಡವರನ್ನು ನೋಡಿಲ್ಲ. ಕಡಲೆಕಾಳಿನಷ್ಟು ಮುರಿದು, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದಳು. ನೀರು ಕುಡಿದಳು. ನಿಂಬರ್ಗಾದ ಬೀಗರ ಸುದ್ದಿ ಹೇಳಿದಳು. ಇನ್ನೊಂದು ಚೂರು ಮುರಿದಳು. ತಾಟು ಖಾಲಿಯಾಗುವ ಹೊತ್ತಿಗೆ ನನ್ನ ಕಡೆ ಕಣ್ಣು ಹಾಕಿದರೆ ನಾನು ಬಿಸಿಯದು ತಂದು ಹಾಕುತ್ತಿದ್ದೆ. ಎರಡೂ ಮಗ್ಗುಲಿನವರು ಸುಮ್ಮನೆ ಎಷ್ಟು ಹೊತ್ತು ಕೂತಾರು? ಮೂಗಿನ ಮುಂದೆ ಗಮಗಮ ವಾಸನೆ. ಮೊದಲು ನಾಗಣ್ಣ ಮಾವನ ಕೈ ತಾಟಿಗೆ ಹೋಯಿತು. ಆಮೇಲೆ ದೇವಿಂದ್ರಪ್ಪ ಮಾವ ನೂಕಿದ ತಾಟನ್ನು ಹತ್ತಿರ ಎಳೆದುಕೊಂಡ. ಅವನಿಗೆ ಹಲ್ಲು ಹೆಚ್ಚು ಉಳಿದಿರಲಿಲ್ಲ, ಮುಳ್ಳಿನ ಅಂಜಿಕೆಯಿಲ್ಲದೆ ಮೀನು ತಿಂದು ವರ್ಷಗಳಾಗಿದ್ದವು. ಒಂದು ಸಲ ಶುರು ಮಾಡಿದವನು ನಿಲ್ಲಿಸಲಿಲ್ಲ.

ಹೆಚ್ಚಿದ ಉಳ್ಳಾಗಡ್ಡಿಯ ತಾಟು ನಾಗಣ್ಣ ಮಾವನ ಆಚೆಗಿತ್ತು. ದೇವಿಂದ್ರಪ್ಪ ಮಾವ ತಂಗಿಗೆ ಅದನ್ನು ಕೊಡು ಅಂದ. ತಂಗಿಯ ಬಾಯಿ ತುಂಬಿತ್ತು, ಕಿವಿಯೂ ಮುಚ್ಚಿತ್ತು. ಇನ್ನೊಮ್ಮೆ ಹೇಳಿದ. ಅವಳು ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದಳು. ಮಾವ ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದ, ನಾನು ಒಲೆಯ ಕಡೆ ತಿರುಗಿದೆ. ಅಂಗಳದಲ್ಲಿ ಆಡೂ ಇರಲಿಲ್ಲ.

"ನಾಗ್ಯಾ, ಆ ಉಳ್ಳಾಗಡ್ಡಿ ಈ ಕಡಿ ಸರಸು."

ನಾಗಣ್ಣ ಮಾವ ಆ ತಾಟನ್ನು ಎತ್ತಿಕೊಂಡ, ಆದರೆ ಸರಿಸಲಿಲ್ಲ. ಈಗ ಏನು ಕೇಡು ಕಾದಿದೆಯೋ ಅಂದುಕೊಂಡೆ. ಅವನು ದಪ್ಪ ತುಂಡುಗಳನ್ನು ಆರಿಸಿ ಒಂದು ಕಡೆ ಮಾಡಿದ, ಅವುಗಳ ಮೇಲೆ ಲಿಂಬೆಹಣ್ಣು ಹಿಂಡಿದ, ಬೆರಳಿನಿಂದ ಉಪ್ಪು ಉದುರಿಸಿದ. ದೊಡ್ಡಣ್ಣ ಚಿಕ್ಕಂದಿನಿಂದ ಉಳ್ಳಾಗಡ್ಡಿ ತಿನ್ನುವುದೇ ಹಾಗಂತೆ. ಆಮೇಲೆ ತಂಗಿಯ ತಾಟಿನ ಮೇಲಿಂದ ಕೈ ಚಾಚಿ ಅಣ್ಣನ ಮುಂದೆ ಇಟ್ಟ.

ಅತ್ತೆ ಕೊನೆಯ ಚೂರು ನುಂಗಿದಳು. ನಾನು ಇನ್ನೊಂದು ವಡಿ ತಂದಾಗ, ಸಾಕು ಅಂದಳು. ಚೊಂಬಿನ ನೀರು ಹಾಕಿಕೊಂಡು ಎಲ್ಲರಿಗೂ ಕಾಣುವ ಹಾಗೆ ಕೈ ತೊಳೆದಳು. ಇನ್ನು ಯಾರು ಬೇಕಾದರೂ ಏಳಬಹುದಿತ್ತು. ಅವಳು ಇಬ್ಬರ ಕಡೆಯೂ ನೋಡದೆ ಎದ್ದು, ನೆಟ್ಟಗೆ ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ. ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು, ಕಣ್ಣೀರು ಧಾರಾಕಾರ.

"ಕೂತಾರೇನ ನೋಡು, ನನಗ ನೋಡಾಕ ಧೈರ್ಯ ಇಲ್ಲ" ಅಂದಳು.

ಬಾಗಿಲಿಂದ ಇಣುಕಿದೆ. ಅತ್ತೆ ಎದ್ದು ಬಂದ ಜಾಗಕ್ಕೆ ದೇವಿಂದ್ರಪ್ಪ ಮಾವ ಸರಿದು ಕೂತಿದ್ದ. ಕಸ್ತೂರಿ ಇಬ್ಬರಿಗೂ ಮತ್ತೆ ಬಡಿಸುತ್ತಿದ್ದಳು.

"ಕೂತಾರ್ರಿ ಅತ್ತಿ. ಇನ್ನೂ ಬೇಡಾಕತ್ತಾರ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಹಂಚ ಇಳಸಬ್ಯಾಡ" ಅಂದಳು.